ಕಡಬದ ಗಿರಾಕಿ

ಶನಿವಾರ ಬೆಳಗ್ಗೆ ಪುತ್ತೂರಿನಲ್ಲಿ ಕಡಬದ ಸರಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೇಟು ಉಚಿತವಾದ ಮೇಲೆ ಚೌಕಾಸಿಗೆ ಅವಕಾಶವೇ ಇಲ್ಲ. ಚೌಕಾಸಿಯೇ ಅಭ್ಯಾಸವಾದ ನನ್ನ ಬಾಯಿ ಸವಣೂರಿನವರೆಗೆ ತುರಿಸುತ್ತಲೇ ಇತ್ತು. ನೀವು ಹೋಗುವುದಾದರೆ ಎಡಬದಿಯಲ್ಲಿ ಕೂರಿ, ಬಲಬದಿಗೆ ಬಿಸಿಲು.

ಹೊರಟದ್ದು ಅಲ್ಲಿಯ ಮಕ್ಕಳ ನಿಲಯದಿಂದ ಹತ್ತು ವರ್ಷದ ಚೈತ್ರಾಳನ್ನು ಕರೆತರಲು. ಹೆಸರು ಬದಲಿಸಿದ್ದೇನೆ. ಅವಳನ್ನು ನಮ್ಮ ಮನೆಯಲ್ಲಿಟ್ಟು ಸಾಕಲು ನಮಗೆ, ಗಂಡಹೆಂಡತಿಗೆ, ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಇನ್ನು ಅವಳು ಒಪ್ಪಬೇಕಿತ್ತು. ಶಾಲೆಗೆ ರಜೆ, ಎರಡು ದಿನ ಬಂದು ನೋಡಲಿ ಎಂದಾಗಿತ್ತು.

"ಒತ್ತಾಯ ಮಾಡ್ಬೇಡಿ ಮಾರಾಯ್ರೆ. ಸೋಮವಾರ ಅವಳೇ ಹೇಳ್ತಾಳೆ," ಎಂದರು ನಿಲಯದ ಮೇಲ್ವಿಚಾರಕಿ, ಸುಳ್ಯ ಕಡೆಯವರು.

ಮರಳುವ ಬಸ್ಸಿನಲ್ಲಿ ಚೈತ್ರಾಳಿಗೆ ಬನ್ಸ್ ಕೊಟ್ಟೆ. "ಲಾಯ್ಕುಂಟು ಆಂಟಿ." ಕಿಟಕಿಯ ಸೀಟು ಬಿಟ್ಟುಕೊಟ್ಟೆ. "ಲಾಯ್ಕುಂಟು." ಪುತ್ತೂರಿನ ದರ್ಬೆಯ ನಮ್ಮ ಮನೆ, ಸಾಂಬಾರು, ನನ್ನ ಗಂಡ, ಎಲ್ಲಕ್ಕೂ ಅದೇ ಹೊಗಳಿಕೆ. ನನಗೆ ಇದು ಒಳ್ಳೆಯ ಲಕ್ಷಣ ಅನಿಸಲಿಲ್ಲ. ತಲೆಹೊರೆ ವ್ಯಾಪಾರದಿಂದ ಶುರುಮಾಡಿ ಪಾತ್ರೆ ಅಂಗಡಿ ಇಟ್ಟವಳು ನಾನು. ಹೊಗಳುವ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆ. ತಟ್ಟಿ, ತಿರುಗಿಸಿ, ನೆಗ್ಗು ಹುಡುಕುವವನೇ ಕೊಳ್ಳುವವನು. ಹುಟ್ಟುಹಬ್ಬಕ್ಕೆಂದು ನಿಲಯಕ್ಕೆ ಕೇಕು ಹಿಡಿದು ಬರುವ ಅತಿಥಿಗಳಿಗೆಲ್ಲ ಈ ಮಕ್ಕಳು ಹೀಗೇ ಹೇಳಬೇಕಂತೆ.

ಕೊನೆಗೆ ನನ್ನ ಮುಖ್ಯ ಮಾಲು ತೆಗೆದೆ: ಅವಳಿಗೆಂದೇ ಒಂದು ಕೋಣೆ, ಹೊಸ ಗುಲಾಬಿ ಬಣ್ಣ.

ಹುಡುಗಿ ಬಾಗಿಲಲ್ಲೇ ನಿಂತಳು. "ಒಬ್ಬಳೇ ಮಲಗುದಾ? ನಮ್ಮಲ್ಲಿ ಚಿಕನ್‌ಪಾಕ್ಸ್ ಬಂದವರನ್ನು ಮಾತ್ರ ಹಾಗೆ ಮಲಗಿಸುದು. ನನಗೆ ಎಂತ ಆಗಿದೆ?"

ಎರಡು ರಾತ್ರಿಯೂ ಅಲ್ಲೇ ಚಾಪೆ ಹಾಸಿ ಅವಳ ಪಕ್ಕ ಮಲಗಿದೆ. ಬೆಳಗ್ಗೆ ಕೇಳಿದರೆ, ಮತ್ತೆ "ಲಾಯ್ಕುಂಟು". ಸೋಮವಾರ ನಿಲಯಕ್ಕೆ ಬಿಡಲು ಹೊರಟಾಗ ಬಸ್ಸು ಕಾಣಿಯೂರು ದಾಟಿದರೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ವ್ಯಾಪಾರ ಮುರಿಯಿತು ಎಂದುಕೊಂಡೆ.

ನಿಲಯದ ಜಗಲಿಯಲ್ಲಿ ಹುಡುಗಿಯರು ಮುತ್ತಿದರು. "ಹೇಗುಂಟೇ ಮನೆ?"

"ಎಂತ ಮನೆಯೋ! ಫ್ಯಾನು ಕಟಕಟ ಹೇಳ್ತದೆ. ಸಾಂಬಾರಿಗೆ ಉಪ್ಪು ಜಾಸ್ತಿ. ಅಂಕಲಿನ ಗೊರಕೆ ಗೋಡೆಯಾಚೆ ಕೇಳ್ತದೆ. ಆಂಟಿ ಹೊದಿಕೆ ಪೂರಾ ಎಳ್ಕೊಳ್ತಾರೆ."

"ಏ, ಹಾಗೆಲ್ಲ ಹೇಳ್ಬಾರ್ದು!" ಎಂದರು ಮೇಲ್ವಿಚಾರಕಿ.

"ಹೇಳ್ಲಿ ಅಕ್ಕ, ಹೇಳ್ಲಿ," ಎಂದೆ.

ಚೈತ್ರಾ ನನ್ನತ್ತ ತಿರುಗಿದಳು. "ಆ ಗುಲಾಬಿ ಬಣ್ಣ ಬೇಡ ಆಂಟಿ. ಹಸಿರು ಉಂಟಾ?"

ಮರಳುವಾಗ ಯಾವ ಬದಿಯಲ್ಲಿ ಕುಳಿತೆನೋ ನೆನಪಿಲ್ಲ. ದರ್ಬೆಯಲ್ಲಿ ಇಳಿದವಳು ನೇರ ಪರಿಚಯದ ಬಣ್ಣದ ಅಂಗಡಿಗೆ ನುಗ್ಗಿ, ಹಸಿರು ಡಬ್ಬಿಗೆ ಅಂಗಡಿಯವ ಹೇಳಿದಷ್ಟೂ ಹಣ ಎಣಿಸಿದೆ.

ಅವನು ನೋಟನ್ನೂ ನನ್ನನ್ನೂ ನೋಡಿದ. "ಹುಷಾರುಂಟಲ್ಲ ಅಕ್ಕ?"