ಕನ್ನಡಿಯಮ್ಮನಿಗೆ ಎರಡು ಹಾರನ್

ರಾಷ್ಟ್ರೀಯ ಉದ್ಯಾನದ ನಡುವೆ ಬೆಟ್ಟ ಹತ್ತುವ ಆ ಹೆದ್ದಾರಿಗೆ ತಿರುವುಗಳೋ ತಿರುವುಗಳು. ಎದುರು ಬರುವ ಗಾಡಿ ಕಾಣಲೆಂದು ತಿರುವಿಗೊಂದು ಕಂಬ, ಕಂಬಕ್ಕೊಂದು ಉಬ್ಬುಗನ್ನಡಿ. ಮಂಜು ಅದರ ಮೇಲೆ ಕೂರದೆ ಬಿಟ್ಟೀತೇ? ಉದ್ದ ಕೋಲಿಗೆ ಬಟ್ಟೆ ಸುತ್ತಿಕೊಂಡು ಅವನ್ನೆಲ್ಲ ಒರೆಸುವುದು ಒಬ್ಬ ಹೆಂಗಸಿನ ಕೆಲಸ. ಇಲಾಖೆ ಕೊಟ್ಟ ಹುದ್ದೆಯ ಹೆಸರು ಯಾರಿಗೆ ಬೇಕು, ಎಲ್ಲರ ಬಾಯಲ್ಲೂ ಅವಳು ಕನ್ನಡಿಯಮ್ಮ.

ಕೆಲಸದ ಹೊತ್ತಿನಲ್ಲಿ ಅವಳು ಅರ್ಧ ಕನಸಿನಲ್ಲೇ ಇರುತ್ತಿದ್ದಳು. ಒರೆಸಿದಷ್ಟೂ ಕನ್ನಡಿಯೊಳಗೆ ಬೆಟ್ಟ ಬಾಗುತ್ತಿತ್ತು, ಕಾಡು ಗುಂಡಗಾಗುತ್ತಿತ್ತು, ಜಿಂಕೆಗಳು ಆಕಾಶದ ಅಂಚಿನಲ್ಲಿ ಮೇಯುತ್ತಿದ್ದವು. ಅಷ್ಟರಲ್ಲಿ ಅವಳ ಗಂಡ ಓಡಿಸುವ ಪ್ರವಾಸಿ ಬಸ್ಸು ಬರುತ್ತಿತ್ತು. ಅವಳ ಹಳದಿ ಕೋಟು ಕಂಡೊಡನೆ ಎರಡು ಸಲ ಹಾರನ್! "ಈ ವಯಸ್ಸಲ್ಲೂ ಸರಸ ನೋಡಿ" ಎಂದು ಕಂಡಕ್ಟರ್ ಛೇಡಿಸಿದರೆ ಗಂಡನಿಗೆ ಇನ್ನಷ್ಟು ಹುರುಪು.

ಆವತ್ತು ಮಂಜು ಕರಗಿ ಒಳ್ಳೇ ಬಿಸಿಲು ಬಿದ್ದಿತ್ತು. ಅವಳು ಕೋಟು ಕಳಚಿ ಕಂಬಕ್ಕೆ ನೇತುಹಾಕಿ, ರಸ್ತೆಯ ಆಚೆ ಬಂಡೆಯ ಮೇಲೆ ಕೂತಿದ್ದಳು. ಬಸ್ಸು ಬಂತು. ಗಂಡ ಕೋಟಿನತ್ತ ತಿರುಗಿ ಎರಡು ಹಾರನ್ ಹೊಡೆದ. "ಏನೇ, ಇವತ್ತು ಮುಖ ಊದಿಸ್ಕೊಂಡಿದ್ದೀಯಾ?" ಎಂದು ಕಂಬವನ್ನೇ ಕೇಳಿ, ಕೈ ಬೀಸಿ ಮುಂದೆ ಹೋದ.

ಕನ್ನಡಿಯಮ್ಮ ಮೊದಲು ನಕ್ಕಳು. ಆಮೇಲೆ ದಡಬಡಿಸಿ ಎದ್ದು ನಿಂತಳು. ಬಸ್ಸಿನ ತುಂಬ ಜನ, ಪಕ್ಕದಲ್ಲೇ ಪ್ರಪಾತ, ಈ ಮಹಾರಾಯನಿಗೆ ಹೆಂಡತಿ ಯಾರು ಕಂಬ ಯಾವುದು ಎಂದೇ ಕಾಣುತ್ತಿಲ್ಲ!

ಸಂಜೆ ಊಟಕ್ಕೆ ಕೂತಾಗ "ರೀ, ನಿಮ್ಮ ಕಣ್ಣು..." ಎಂದು ಅವಳು ಬಾಯಿ ತೆರೆದದ್ದೇ ತಡ, ಅವನು ಸಿಡುಕಿದ.

"ನನ್ನ ಕಣ್ಣಿಗೇನಾಗಿದೆ ದಾಡಿ? ಆ ರಸ್ತೆ ಪೂರ್ತಿ ಅಂಗೈ ಮೇಲಿದ್ದ ಹಾಗೆ ಕಾಣುತ್ತೆ ಕಣೇ."

"ಹಾಗಾದ್ರೆ ಹೇಳಿ ನೋಡೋಣ, ಏನೇನು ಕಾಣುತ್ತೆ?"

ಅವನು ತಟ್ಟೆ ಸರಿಸಿ ಶುರುಮಾಡಿದ. ಮೊದಲ ತಿರುವಿನ ಝರಿ, ಮೋಡಗಳನ್ನು ಕೆಳಗೆ ಬಿಟ್ಟು ದಾಟುವ ಸೇತುವೆ, ನೀಲಿ ಹಿಂದೆ ನೀಲಿಯಾಗಿ ನಿಂತ ಬೆಟ್ಟಗಳು. ಎಷ್ಟು ಚೆನ್ನಾಗಿ ಹೇಳಿದನೆಂದರೆ ಅವಳೂ ಅವನ ಪಕ್ಕ ಕೂತು ತೇಲಿಕೊಂಡು ಹೋದಂತಾಯಿತು. "ತುದೀಲಿ ರಸ್ತೆಗೆ ಬಾಗಿರೋ ಮರ. ಮೈತುಂಬ ಕೆಂಪು ಹೂವು. ಇವತ್ತೂ ಬಸ್ಸಿನ ಮೇಲೆ ಉದುರಿತು ಕಣೇ."

ಅವಳಿಗೆ ಅಳು ತಡೆಯಲಾಗಲಿಲ್ಲ.

"ಆ ಮರ ಹೋದ ವರ್ಷವೇ ಗಾಳಿಗೆ ಬಿತ್ತು ಕಣ್ರೀ. ಕಡಿದು ಸಾಗಿಸಿಯೂ ಆಯ್ತು."

ಅವನು ಮೇಜಿನ ಮೇಲೆ ತಡಕಾಡಿ ಅವಳ ಕೈ ಹಿಡಿದುಕೊಂಡ.

"ಹಾಗಾದ್ರೆ ಇಷ್ಟು ದಿನ ಅಷ್ಟೊಂದು ಜನರನ್ನ ಕೂರಿಸ್ಕೊಂಡು ನಾನು ಯಾವ ರಸ್ತೇಲಿ ಹೋಗ್ತಿದ್ದೆ?"