ಮೂರು ಬೀಗದ ಕಾವಲುಗಾರ

ಅವನ ಸುದ್ದಿ ನನಗೆ ಮೊದಲು ತಿಳಿದದ್ದು ಬೀದಿ ನಲ್ಲಿಯ ಹತ್ತಿರ. ಪಕ್ಕದ ಮನೆಯವಳು ಬಕೆಟ್ಟು ಕೆಳಗಿಟ್ಟು, "ನಿಮ್ಮ ಹಿತ್ತಿಲ ಟವರಿಗೆ ಹೊಸ ಕಾವಲುಗಾರ ಬಂದಿದಾನಂತೆ ಕಣಕ್ಕ. ಜಗಳದಲ್ಲಿ ಒಬ್ಬನ ಕಿವಿ ಕಚ್ಚಿ ಉಗುಳಿದವನಂತೆ!" ಎಂದಳು.

"ಟವರಿಗೆ ಕಿವಿ ಇಲ್ವಲ್ಲ, ಬಿಡೇ" ಎಂದೆ.

ನಮ್ಮವರು ತೀರಿಕೊಂಡು ಆಗ ವರ್ಷವಾಗಿತ್ತು. ಬೀದಿಗೆಲ್ಲ ಅವನು ಕಿವಿಯಣ್ಣನಾದ. ಜೈಲು ಕಂಡು ಬಂದವನಿಗೆ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಟವರ್ ಒಂದೇ, ಅದರಲ್ಲಿ ಮೂರು ಫೋನ್ ಕಂಪನಿಗಳ ಯಂತ್ರ. ಗೇಟಿನ ಸರಪಳಿಗೆ ಕಂಪನಿಗೊಂದರಂತೆ ಮೂರು ಬೀಗ, ಒಂದರ ಕೊಂಡಿಯೊಳಗೆ ಇನ್ನೊಂದು. ಯಾವುದನ್ನು ತೆಗೆದರೂ ಗೇಟು ತೆರೆಯುತ್ತದೆ. ಹಾಕುವಾಗ ಒಂದನ್ನು ಬಿಟ್ಟರೆ ಆ ಕಂಪನಿಯವರು ಹೊರಗೇ. ಕೀಲಿ ಮಾತ್ರ ಇವನ ಕೈಗೆ ಯಾರೂ ಕೊಟ್ಟಿರಲಿಲ್ಲ. ಹಿಂದೊಮ್ಮೆ ಕಳ್ಳರು ಸರಪಳಿ ಕತ್ತರಿಸಿ ಬ್ಯಾಟರಿ ಹೊತ್ತೊಯ್ದಿದ್ದರು. "ಇನ್ನೊಮ್ಮೆ ಸರಪಳಿ ಕತ್ತರಿಸಲು ಬಿಟ್ಟೆಯೋ, ಅವತ್ತೇ ನೀನು ಮನೆಗೆ" ಎಂದಿದ್ದ ಟವರಿನ ಯಜಮಾನ. ಅದಕ್ಕೇ ಇವನು ದಿನಾ ಬೆಳಿಗ್ಗೆ ಮೂರನ್ನೂ ಜಗ್ಗಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಎಂದಿನಂತೆ ನನ್ನ ಮೆಟ್ಟಿಲ ಮೇಲೆ ಕೂತು ನಾನಿಟ್ಟದ್ದನ್ನು ಉಣ್ಣುತ್ತಿದ್ದಾಗ, ಎರಡನೆಯ ಕಂಪನಿಯ ರಿಪೇರಿಯವರು ಅವಸರದಲ್ಲಿ ಮೂರನೆಯವರ ಬೀಗ ಸೇರಿಸದೆ ಗೇಟು ಹಾಕಿ ಹೋದರು. ಇವನು ಬಂದು ನೋಡಿ, ತಲೆ ಚಚ್ಚಿಕೊಂಡು, ಕೀಲಿ ತನ್ನಿ ಎಂದು ಎರಡನೆಯವರಿಗೆ ಫೋನು ಮಾಡಿದ. ಗ್ರಹಚಾರಕ್ಕೆ ಅದೇ ಹೊತ್ತಿಗೆ ಮೂರನೆಯವರ ಯಂತ್ರ ಕೆಟ್ಟಿತು. ಅವರ ಸಿಮ್ಮಿನ ಫೋನುಗಳೆಲ್ಲ ಸತ್ತವು, ನನ್ನದೂ. ಅವರ ಮೂವರು ಜೀಪಿನಲ್ಲಿ ಬಂದಿಳಿದರು.

"ಯಾರ ಕಡೆಯವನೋ ನೀನು?"

"ಯಾರ ಕಡೆಯೂ ಅಲ್ಲ ಸಾರ್. ಕೀಲಿ ತರ್ತಿದಾರೆ, ಹತ್ತು ನಿಮಿಷ ತಡೀರಿ."

"ಕಾದು ಕೂರೋಕೆ ನಾವೇನು ನಿನ್ನ ಮನೆಗೆ ಬಂದ ಬೀಗರೇನೋ?"

ಅವನ ಫೋನು ಕಿತ್ತು ಗೋಡೆಗೆ ಬಡಿದು, ಸರಪಳಿ ಒಡೆಯಲು ಜೀಪಿನಿಂದ ಸರಳು ತಂದರು. ಅವನು ಸರಪಳಿಗೆ ಬೆನ್ನು ಕೊಟ್ಟು ನಿಂತ. ಕಬ್ಬಿಣದ ಸರಳಿಗೆ ಅವನ ಮೊಣಕೈ ಮುರಿದ ಸದ್ದು ನನ್ನ ಮೆಟ್ಟಿಲಿಗೆ ಕೇಳಿಸಿತು. ಅವನೂ ಬಿಡಲಿಲ್ಲ, ಒಬ್ಬನ ಹೊಟ್ಟೆಗೆ ಒದ್ದ, ಇನ್ನೊಬ್ಬನ ಮೂಗನ್ನು ಹಣೆಯಿಂದ ಗುದ್ದಿ ಒಡೆದ. ನಾನು ಒಲೆಯ ಮೇಲಿದ್ದ ಕುದಿನೀರು ತಂದು ಎರಚಿದೆ. ಸರಳು ಹಿಡಿದವನ ಬೆನ್ನು ಬೆಂದಿತು. ಇವತ್ತಿಗೂ ನನಗೆ ಅಯ್ಯೋ ಅನ್ನಿಸಿಲ್ಲ. ಆದರೂ ಅವನು ತಿರುಗಿ ಬೀಸಿದ್ದು ಇವನ ನೆತ್ತಿಗೇ ಬಿತ್ತು.

ಕೀಲಿಯವನು ಬರುವಷ್ಟರಲ್ಲಿ ನೆಲವೆಲ್ಲ ರಕ್ತ. ಹೊಡೆದವನ ಫೋನೂ ಸತ್ತದ್ದೇ. "ಅಣ್ಣಾ, ನಿನ್ನ ಫೋನು ಕೊಡೋ, ಆಂಬುಲೆನ್ಸ್ ಕರೀಬೇಕು" ಎಂದು ಕೀಲಿಯವನಿಗೆ ಕೈಮುಗಿದ. ಕೀಲಿಯವನಿಗೆ ಬೀಗ ಸರಿಮಾಡಲು ಅರೆ ನಿಮಿಷ ಸಾಕಾಯಿತು.

ಕಿವಿಯಣ್ಣ ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ಸ್ಟ್ರೆಚರ್ ಎತ್ತುವಾಗ ನನ್ನ ಕೈ ಹಿಡಿದ. ನೀರು ಕೇಳುತ್ತಾನೆಂದು ಬಗ್ಗಿದೆ.

"ಅಕ್ಕಾ, ಒಂದ್ಸಲ ಜಗ್ಗಿ ನೋಡು. ಮೂರೂ ಸೇರಿದಾವಾ?"