ಸೀಮೆಸುಣ್ಣದ ಗೆರೆ

ಮೇಸ್ತ್ರಿ ಸತ್ತು ಇಪ್ಪತ್ತಾರು ದಿನ. ಅವರ ಕೆಂಪು ಸ್ಪೋರ್ಟ್ಸ್ ಕಾರು ಮನೆ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಹಾಗೇ ನಿಂತಿತ್ತು. ಸತ್ತ ದಿನ ಅದರ ಎಂಜಿನ್ ಆಯಿಲ್ ಬದಲಿಸುತ್ತಿದ್ದವರು ನಡುವೆ ಎದ್ದು ಒಳಗೆ ಬಂದರು. ಒಂದು ಲೋಟ ನೀರು ಕುಡಿದರು. ಕುರ್ಚಿಯಲ್ಲಿ ಕೂತರು. ಮತ್ತೆ ಏಳಲಿಲ್ಲ.

ಅವರ ಹೆಂಡತಿಯನ್ನು ಬೀದಿಯವರು ಟೈಲರಮ್ಮ ಎನ್ನುತ್ತಾರೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಮನೆ ನಡೆಸಿದವಳು. ಗಂಡ ಕಾರಿನ ಕೆಳಗೆ ಮಲಗಿದಾಗಲೆಲ್ಲ ಸ್ಪ್ಯಾನರ್ ಎತ್ತಿ ಕೊಟ್ಟವಳೂ ಅವಳೇ. ಮೂತಿ ಜಜ್ಜಿಹೋಗಿದ್ದ ಆ ಕಾರನ್ನು ಮೇಸ್ತ್ರಿ ಒಂಬತ್ತು ವರ್ಷ ಬಿಚ್ಚಿ ಕಟ್ಟಿದ್ದರು. "ನನಗೇನಾದ್ರೂ ಆದ್ರೆ ಇದು ತಮ್ಮನಿಗೆ" ಎಂದೂ ಹೇಳಿದ್ದರು.

ತಮ್ಮ ಬಂದಿದ್ದ. ಲಾರಿ ಡ್ರೈವರ್. ಅವನ ಊರಿಗೆ ಕಾರು ಓಡಿಸಿಕೊಂಡು ಹೋಗುವುದೆಂದರೆ ಆರು ತಾಸಿನ ದಾರಿ. ಅವಳು ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಅವನು ಶೆಡ್ಡಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ಆಯಿಲ್ ಹಾಕಿಬಿಟ್ಟೆ ಅತ್ತಿಗೆ. ಹೊಸ ಡಬ್ಬ ಇಲ್ಲೇ ಇತ್ತು. ಕಡ್ಡಿ ಅದ್ದಿ ನೋಡಿದೆ, ಸರಿಯಾಗಿ ಗುರುತಿಗೆ ಬಂದಿದೆ. ಕೀ ಕೊಡಿ, ಸ್ಟಾರ್ಟ್ ಮಾಡಿ ಇಳಿಸ್ತೀನಿ."

ಅವಳು ಸೊಂಟದಲ್ಲಿದ್ದ ಕೀಗೆ ಕೈ ಹಾಕಿದಳು, ಕೊಡಲಿಲ್ಲ.

"ಕೆಳಗೆ ಹೋಗಿ ನೋಡಿದ್ಯಾ?"

"ನೋಡೋದೇನಿದೆ? ಒಂದು ತೊಟ್ಟೂ ಸೋರ್ತಿಲ್ಲ."

"ನಿಂತಿರೋವಾಗ ಯಾವುದೂ ಸೋರಲ್ಲಪ್ಪ. ನಿಮ್ಮಣ್ಣ ಕೆಲಸ ಮುಗಿಸಿದ್ರೋ ಇಲ್ವೋ ಯಾರಿಗೆ ಗೊತ್ತು?"

"ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಿದೀನಿ. ಇದೇನು ಅಂಗೀನಾ ಅತ್ತಿಗೆ, ಮೂರು ಮೂರು ಸಲ ಅಳತೆ ನೋಡೋಕೆ?"

"ಅಂಗಿ ಕೆಟ್ರೆ ಬಿಚ್ಚಿ ಹೊಲಿದು ಕೊಡ್ತೀನಿ. ಎಂಜಿನ್ ಕೆಟ್ರೆ ಯಾರು ಕಟ್ಟಿಕೊಡ್ತಾರೆ? ಕಟ್ಟೋರು ಹೋದ್ರಲ್ಲ."

ಅವಳು ಕೀಯನ್ನು ಬಿಗಿಯಾಗಿ ಹಿಡಿದುಕೊಂಡಳು. ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಜನ ಡ್ರೈವರನ್ನು ಬೈಯುವುದಿಲ್ಲ. ಮೇಸ್ತ್ರಿ ಕಟ್ಟಿದ ಎಂಜಿನ್ ಇಷ್ಟೇ ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಬದುಕುವುದು ಅವಳಿಂದಾಗದು.

ನೋಡುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಮೇಸ್ತ್ರಿಗೆ ಒಂದು ಅಭ್ಯಾಸ. ಯಾವುದನ್ನೇ ಬಿಗಿ ಮಾಡಲಿ, ಮುಗಿದ ಮೇಲೆ ಅದಕ್ಕೆ ಅಡ್ಡ ಒಂದು ಬಿಳಿ ಗೆರೆ ಎಳೆಯುತ್ತಿದ್ದರು, ಅವಳ ಡಬ್ಬಿಯಿಂದ ಕದ್ದ ಹೊಲಿಗೆಯ ಸೀಮೆಸುಣ್ಣದಿಂದ. ಗೆರೆ ಇದ್ದರೆ ಕೆಲಸ ಮುಗಿದಿದೆ. ಇಲ್ಲದಿದ್ದರೆ ಇಲ್ಲ.

ಅವಳು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು, ಅಂಗಾತ ಮಲಗಿ ಒಳಗೆ ಜರುಗಿದಳು. ಮೂಗಿನ ಮೇಲೆ ಒಂದು ಗೇಣು ಜಾಗ. ಅದರ ಮೇಲೆ ಇಡೀ ಕಾರು. ಎಲ್ಲೋ ಕಬ್ಬಿಣ ಕಿರ್ ಎಂದಿತು.

"ಕಾರಿಗೆ ಒರಗಬೇಡ."

"ಒರಗಿಲ್ಲ."

"ಒರಗಿದೀಯ. ನಿನ್ನ ಕಾಲು ಕಾಣ್ತಿದೆ ನನಗೆ."

ಎರಡು ಕಾಲೂ ಹಿಂದೆ ಸರಿದವು.

ಆಯಿಲ್ ಬಸಿಯುವ ಬೋಲ್ಟಿಗೆ ಟಾರ್ಚ್ ಹಿಡಿದಳು. ಗೆರೆ ಇತ್ತು. ನೆಟ್ಟಗೆ, ಅವರ ಕೈಯದು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಬೆಳಕನ್ನು ಆಯಿಲ್ ಸೋಸುವ ಫಿಲ್ಟರ್ ಕಡೆ ತಿರುಗಿಸಿದಳು. ಹೊಸ ಫಿಲ್ಟರ್, ಹೊಳೆಯುತ್ತಿತ್ತು. ಸುತ್ತ ನೋಡಿದಳು. ಗೆರೆ ಇರಲಿಲ್ಲ.

ಹಿಡಿದು ತಿರುವಿದಳು. ಬಿಗಿಯಾಗೇ ಇದ್ದಂತಿತ್ತು. ಇನ್ನೊಬ್ಬರಾದರೆ ಅಲ್ಲಿಗೇ ಬಿಟ್ಟು ಬರುತ್ತಿದ್ದರು.

"ಹಳೇ ಬಟ್ಟೆ ಕೊಡು. ಆಯಿಲ್ ಹಿಡಿಯೋ ತಟ್ಟೇನೂ ಕೊಡು."

"ಅದನ್ನ್ಯಾಕೆ ಬಿಚ್ತೀರ ಈಗ?"

"ಕೊಡು ಅಂದ್ನಲ್ಲ."

ಎರಡೂ ಕೈ ಹಾಕಿ ಬಿಚ್ಚಿದಳು. ಮೊಣಕೈವರೆಗೆ ಆಯಿಲ್ ಇಳಿಯಿತು. ಫಿಲ್ಟರಿನ ಬಾಯಲ್ಲಿ ಅದರ ರಬ್ಬರ್ ವಾಷರ್ ಇತ್ತು. ಎಂಜಿನ್ನಿನಲ್ಲಿ ಅದು ಕೂರುವ ಜಾಗದ ಮೇಲೆ ಬೆರಳಾಡಿಸಿದಳು. ಅಲ್ಲಿ ಇನ್ನೊಂದು ವಾಷರ್. ಹಳೇ ಫಿಲ್ಟರಿನದು, ಅಂಟಿಕೊಂಡು ಉಳಿದುಬಿಟ್ಟಿತ್ತು.

ಎರಡು ವಾಷರ್ ಒಂದರ ಮೇಲೊಂದು ಕೂತರೆ ನಿಂತ ಕಾರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಓಡಿ ಆಯಿಲಿಗೆ ಒತ್ತಡ ಬಂತೋ, ಜಾರುತ್ತದೆ. ನಾಲ್ಕು ನಿಮಿಷದಲ್ಲಿ ಆಯಿಲೆಲ್ಲ ರಸ್ತೆ ಪಾಲು. ಎಂಜಿನ್ ಕಚ್ಚಿಕೊಂಡು ಸಾಯುತ್ತದೆ. ಬೇರೆಯವರ ಗಾಡಿಯಲ್ಲಿ ಇಂಥದ್ದು ಕಂಡ ದಿನ ಮೇಸ್ತ್ರಿ ಊಟಕ್ಕೆ ಕೂತಾಗಲೂ ಬೈಯುತ್ತಿದ್ದರು. "ಕುರುಡನಾದ್ರೂ ಬೆರಳಾಡಿಸಿ ನೋಡ್ತಾನೆ ಕಣೇ."

ಅವರೇ ನೋಡಿರಲಿಲ್ಲ.

ಅವತ್ತು ಅವರು ಶೆಡ್ಡಿನಿಂದ ಕೂಗಿದ್ದರು. "ಸ್ವಲ್ಪ ಬಾ ಇಲ್ಲಿ." ಅವಳು ಮಿಷನ್ ತುಳಿಯುತ್ತಲೇ, "ಈ ತೋಳೊಂದು ಹೊಲಿದು ಬಂದೆ" ಅಂದಿದ್ದಳು. ಸ್ಪ್ಯಾನರ್ ಕೇಳುತ್ತಿದ್ದಾರೆ ಅಂದುಕೊಂಡಿದ್ದಳು. ಮತ್ತೆ ಕೂಗಲಿಲ್ಲ. ತೋಳು ಮುಗಿಯುವ ಮೊದಲೇ ಅವರೇ ಎದ್ದು ಬಂದಿದ್ದರು.

ಅವರು ಕೂಗಿದ್ದು ಸ್ಪ್ಯಾನರಿಗಲ್ಲ. ಇಪ್ಪತ್ತಾರು ದಿನದ ಮೇಲೆ ಅದು ಅವಳಿಗೆ ಕಾರಿನ ಕೆಳಗೆ ಗೊತ್ತಾಯಿತು.

"ಅತ್ತಿಗೆ? ಯಾಕೆ ಸುಮ್ಮನಾದ್ರಿ?"

ಅವಳು ಹಳೇ ವಾಷರನ್ನು ಉಗುರಿನಿಂದ ಎಬ್ಬಿಸಿ ಅವನ ಕಾಲ ಬಳಿ ಎಸೆದಳು. ಅವನು ಎತ್ತಿಕೊಂಡ.

"ಅಣ್ಣನಾ? ಸಾಧ್ಯವೇ ಇಲ್ಲ."

"ಮೈ ಸರಿ ಇರಲಿಲ್ಲ ಅವರಿಗೆ. ನನ್ನನ್ನ ಕರೆದ್ರು. ನಾನು ಹೋಗಲಿಲ್ಲ."

ಅವನು ವಾಷರನ್ನು ಒರೆಸಿ ಜೇಬಿಗೆ ಹಾಕಿಕೊಂಡ.

ಅವಳು ಜಾಗ ಒರೆಸಿದಳು. ಹೊಸ ವಾಷರಿಗೆ ಬೆರಳಿನಿಂದ ಆಯಿಲ್ ಸವರಿದಳು. ಫಿಲ್ಟರನ್ನು ಕೈಯಲ್ಲೇ ತಿರುವಿದಳು. ಅದು ತಾಗಿದ ಮೇಲೆ ಇನ್ನೂ ಮುಕ್ಕಾಲು ಸುತ್ತು, ಮೇಸ್ತ್ರಿ ಮಾಡುತ್ತಿದ್ದ ಹಾಗೆ. ಹೊರಗೆ ಬಂದು ಕೆಳಗೆ ಅಗಲಕ್ಕೆ ನ್ಯೂಸ್‌ಪೇಪರ್ ಹಾಸಿದಳು. ಆಮೇಲೆ ಕೀ ಕೊಟ್ಟಳು.

ಎಂಜಿನ್ ಗುಡುಗಿತು. ಆಯಿಲಿನ ಕೆಂಪು ದೀಪ ಹೊತ್ತಿಕೊಂಡೇ ಇತ್ತು. ಒಂದು, ಎರಡು, ಮೂರು. ಆಯಿಲಿಗೆ ಒತ್ತಡ ಬಂತು, ದೀಪ ಆರಿತು.

"ಆಫ್ ಮಾಡಬೇಡ. ಇನ್ನೂ ಓಡ್ಲಿ."

ಅವಳು ನೆಲಕ್ಕೆ ಕೆನ್ನೆ ಹಚ್ಚಿ ಪೇಪರನ್ನೇ ನೋಡುತ್ತ ಮಲಗಿದಳು. ಹತ್ತು ನಿಮಿಷ. ಒಂದು ಚುಕ್ಕೆಯೂ ಬೀಳಲಿಲ್ಲ. ಎಂಜಿನ್ ಆರಿಸಿದ ಮೇಲೆ ಅವನೇ ಕಡ್ಡಿ ಅದ್ದಿ ನೋಡಿ, ತುಸು ಕಡಿಮೆಯಿದ್ದ ಆಯಿಲ್ ತುಂಬಿದ.

"ಇಳಿಸ್ಲಾ ಅತ್ತಿಗೆ?"

"ತಡಿ."

ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಸೀಮೆಸುಣ್ಣ ತಂದಳು. ಮತ್ತೆ ಅಂಗಾತ ಮಲಗಿ ಒಳಗೆ ಜರುಗಿದಳು. ಫಿಲ್ಟರಿಗೆ ಅಡ್ಡ ಒಂದು ಗೆರೆ ಎಳೆದಳು. ಅವಳ ಗೆರೆ ಸ್ವಲ್ಪ ಸೊಟ್ಟ ಬಂತು.

"ಈಗ ಇಳಿಸು" ಅಂದಳು.